ಗಲಾಟೆ ಆಗುವ ಮೊದಲೇ: ನಿಮ್ಮ ಬೀದಿಯಲ್ಲಿ ಶಾಂತಿಯ ಗುಂಪು ಕಟ್ಟುವುದು ಹೇಗೆ

ವಿಶ್ವಶಾಂತಿ ಅಂದರೆ ದೊಡ್ಡವರ ವಿಷಯ, ದೇಶಗಳ ನಾಯಕರು ಕೂತು ಮಾತಾಡಬೇಕಾದ್ದು, ನಮ್ಮಿಂದ ಏನಾಗುತ್ತೆ ಅಂತ ತುಂಬಾ ಜನ ಕೇಳುತ್ತಾರೆ. ಯುದ್ಧ ನಿಲ್ಲಿಸುವ ಶಕ್ತಿ ನಮಗಿಲ್ಲ, ನಿಜ. ಆದರೆ ಪಕ್ಕದ ಬೀದಿಯವರನ್ನು ಶತ್ರು ಅಂತ ನಂಬಿಸುವ ಕೆಲಸ ನಡೆಯುವುದು ನಮ್ಮ ಮಧ್ಯೆಯೇ, ನಮ್ಮ ಫೋನಿನಲ್ಲೇ. ಅದನ್ನು ನಾವು ತಡೆಯಬಹುದು. ಗಲಾಟೆ ಆದ ದಿನ ಓಡಾಡಿದರೆ ಮಾತ್ರ ಸಾಲದು, ಏನೂ ಇಲ್ಲದ ದಿನಗಳಲ್ಲೇ ತಯಾರಿ ಮಾಡಿಕೊಂಡಿರಬೇಕು.

ಮೊದಲು ಗುಂಪು ಕಟ್ಟಿ. ಇದಕ್ಕೆ ಭಿವಂಡಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಮುಂಬೈ ಹತ್ತಿರದ ಮಗ್ಗದ ಊರು ಅದು. 1970ರಲ್ಲಿ, ಮತ್ತೆ 1984ರಲ್ಲಿ ಭೀಕರ ಕೋಮುಗಲಭೆ ಕಂಡಿತ್ತು. 1980ರ ದಶಕದ ಕೊನೆಗೆ ಅಲ್ಲಿಗೆ ಬಂದ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ ಮೊಹಲ್ಲಾ ಸಮಿತಿಗಳನ್ನು ಮಾಡಿಸಿದರು. ಹಿಂದೂಗಳೂ ಮುಸ್ಲಿಮರೂ ಅದರಲ್ಲಿದ್ದರು, ಎಲ್ಲರೂ ಅದೇ ಬೀದಿಯ ಸಾಮಾನ್ಯ ಜನ. ಪೊಲೀಸರ ಜೊತೆ ಆಗಾಗ ಕೂತು ಸಣ್ಣಪುಟ್ಟ ತಕರಾರುಗಳನ್ನು ಅಲ್ಲೇ ಬಗೆಹರಿಸಿಕೊಳ್ಳುತ್ತಿದ್ದರು. 1992ರ ಡಿಸೆಂಬರ್, 1993ರ ಜನವರಿಯಲ್ಲಿ ಮುಂಬೈ ಹೊತ್ತಿ ಉರಿಯುತ್ತಿದ್ದಾಗ ಭಿವಂಡಿ ಶಾಂತವಾಗಿತ್ತು.

ನಮ್ಮಲ್ಲೂ ಗಣೇಶನ ಹಬ್ಬ, ಈದ್ ಹತ್ತಿರ ಬಂದಾಗ ಠಾಣೆಯಲ್ಲಿ ಶಾಂತಿ ಸಭೆ ಕರೆಯುತ್ತಾರೆ. ಒಳ್ಳೆಯದೇ, ಆದರೆ ಸಾಲದು. ಅಲ್ಲಿಗೆ ಬರುವವರು ಹೆಚ್ಚಾಗಿ ಮುಖಂಡರು, ಹಬ್ಬ ಮುಗಿದ ಮೇಲೆ ಮತ್ತೆ ಸೇರುವುದಿಲ್ಲ. ಬೀದಿಯ ಹುಡುಗರ ಹೆಸರು, ಮನೆ, ಅಮ್ಮನ ಫೋನ್ ನಂಬರ್ ಗೊತ್ತಿರುವವರು ಬೇರೆಯೇ ಇರುತ್ತಾರೆ. ಕಿರಾಣಿ ಅಂಗಡಿಯವರು, ಆಟೊ ಸ್ಟ್ಯಾಂಡಿನವರು, ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಸ್ವಸಹಾಯ ಸಂಘದ ಹೆಂಗಸರು, ಮೈದಾನದಲ್ಲಿ ಕ್ರಿಕೆಟ್ ಆಡುವ ಟೀಮಿನ ಕ್ಯಾಪ್ಟನ್. ಇಂಥ ಹತ್ತು ಹನ್ನೆರಡು ಜನ ಸಾಕು. ಎಲ್ಲ ಜಾತಿ ಧರ್ಮದವರೂ ಇರಲಿ, ಬಾಡಿಗೆಗಿರುವ ಹೊರ ರಾಜ್ಯದವರನ್ನು ಮರೆಯಬೇಡಿ. ಒಂದೇ ಕಡೆಯವರು ಬಂದರೆ ಸಭೆ ಮುಂದಕ್ಕೆ ಹಾಕಿ, ಇನ್ನೊಂದು ಕಡೆಯವರ ಮನೆಗೆ ನೀವೇ ಹೋಗಿ ಕರೆಯಿರಿ.

ಶಾಂತಿಯ ಬಗ್ಗೆ ಮಾತಾಡೋಣ ಬನ್ನಿ ಅಂದರೆ ಬರುವವರು ಕಡಿಮೆ. ಚರಂಡಿ, ಬೀದಿದೀಪ, ನೀರಿನ ಟ್ಯಾಂಕರ್ ಅಂತ ಶುರು ಮಾಡಿ. ಒಟ್ಟಿಗೆ ಹೋಗಿ ಒಂದು ಅರ್ಜಿ ಕೊಟ್ಟು ಕೆಲಸ ಮಾಡಿಸಿಕೊಂಡವರ ನಡುವೆ ಒಂದು ಸಲುಗೆ ಬರುತ್ತದೆ. ಕಷ್ಟದ ಮಾತು ಆಡುವ ದಿನ ಬಂದಾಗ ಆ ಸಲುಗೆ ಬೇಕೇ ಬೇಕು.

ಇನ್ನು ಗಾಳಿಸುದ್ದಿ. ನನ್ನ ಪ್ರಕಾರ ನಮ್ಮ ಕಾಲದ ದೊಡ್ಡ ಅಡ್ಡಿ ಇದೇ. 2012ರ ಆಗಸ್ಟ್ ನೆನಪಿದೆ ಅಲ್ವಾ? ಅಸ್ಸಾಮಿನ ಹಿಂಸೆಯ ಬೆನ್ನಿಗೇ, ಈಶಾನ್ಯ ರಾಜ್ಯದವರ ಮೇಲೆ ದಾಳಿ ಆಗುತ್ತೆ ಅನ್ನುವ ಮೆಸೇಜುಗಳು ಹರಡಿ ಸಾವಿರಾರು ಜನ ಬೆಂಗಳೂರು ಬಿಟ್ಟರು, ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಆದದ್ದು ಇನ್ನೂ ಘೋರ. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು, ಅಷ್ಟೇ. ಮಕ್ಕಳ ಕಳ್ಳರು ಅಂತ ವಾಟ್ಸ್‌ಆ್ಯಪಿನಲ್ಲಿ ಸುದ್ದಿ ಅವರಿಗಿಂತ ಮುಂದೆ ಓಡಿತು, ಮುರ್ಕಿ ಗ್ರಾಮದ ಹತ್ತಿರ ದಾರಿಗೆ ಅಡ್ಡ ಹಾಕಿ ಹೊಡೆದರು. ಒಬ್ಬ ಯುವಕ ಸತ್ತ, ಕಾಪಾಡಲು ಹೋದ ಪೊಲೀಸರಿಗೂ ಗಾಯವಾಯಿತು.

ಹಾಗಾಗಿ ಗುಂಪಿನಲ್ಲಿ ಇಬ್ಬರಿಗೆ ಸುದ್ದಿ ಪರೀಕ್ಷೆ ಮಾಡುವ ಕೆಲಸವನ್ನೇ ಒಪ್ಪಿಸಿ. ಮೆಸೇಜಿನ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ತುಂಬಾ ಕೈ ದಾಟಿ ಬಂದಿದೆ ಅಂತ ಅರ್ಥ, ಕಳಿಸಿದವರಿಗೂ ಅದು ಎಲ್ಲಿಯದು ಅಂತ ಗೊತ್ತಿರುವುದಿಲ್ಲ. ವಿಡಿಯೊ ಆದರೆ ಸೌಂಡ್ ಆಫ್ ಮಾಡಿ ನೋಡಿ, ಕಿರುಚಾಟ ಕಿವಿಗೆ ಬಿದ್ದರೆ ಕಣ್ಣು ಸರಿಯಾಗಿ ನೋಡುವುದಿಲ್ಲ. ಗಾಡಿಯ ನಂಬರ್ ಪ್ಲೇಟ್ ಯಾವ ರಾಜ್ಯದ್ದು, ಅಂಗಡಿ ಬೋರ್ಡು ಯಾವ ಭಾಷೆಯಲ್ಲಿದೆ, ಪೊಲೀಸರ ಟೋಪಿ ನಮ್ಮವರದ್ದಾ, ನಮ್ಮಲ್ಲಿ ಸುಡುವ ಬಿಸಿಲಿರುವಾಗ ಅವರು ಸ್ವೆಟರ್ ಹಾಕಿದ್ದಾರಾ? ಒಂದು ಫ್ರೇಮಿನ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸಿನಲ್ಲಿ ಹುಡುಕಿದರೆ ಹಳೆಯ ವಿಡಿಯೊ ಆಗಿದ್ದರೆ ಎಷ್ಟೋ ಸಲ ಸಿಕ್ಕಿಬಿಡುತ್ತದೆ. ಎಲ್ಲಕ್ಕಿಂತ ಬೇಗ ಆಗುವ ಕೆಲಸ ಅಂದರೆ ಆ ಏರಿಯಾದಲ್ಲಿ ಇರುವವರಿಗೆ ಫೋನ್ ಮಾಡಿ ಕೇಳುವುದು. ಸುಳ್ಳು ಅಂತ ಗೊತ್ತಾದರೆ ಯಾವ ಗ್ರೂಪಿಗೆ ಬಂದಿತ್ತೋ ಅದೇ ಗ್ರೂಪಿನಲ್ಲಿ ಬರೆಯಿರಿ. ಕಳಿಸಿದವರು ದೊಡ್ಡಪ್ಪನೋ ಮಾವನೋ ಆಗಿದ್ದರೆ ಎಲ್ಲರೆದುರು ಹೀಯಾಳಿಸಬೇಡಿ, ಪ್ರತ್ಯೇಕವಾಗಿ ಫೋನ್ ಮಾಡಿ, ನೀವೇ ಡಿಲೀಟ್ ಮಾಡಿಬಿಡಿ ಅಂತ ಕೇಳಿ.

ಎಲ್ಲ ಜಗಳವೂ ಗಾಳಿಸುದ್ದಿಯಿಂದ ಬರುವುದಿಲ್ಲ. ಇಬ್ಬರಿಗೂ ನಿಜವಾದ ನೋವು ಇರುವ ಜಗಳಗಳಿವೆ. ಕಾವೇರಿಯನ್ನೇ ನೋಡಿ. 1991ರಲ್ಲಿ ಬೆಂಗಳೂರಿನಲ್ಲಿ ತಮಿಳರ ಮೇಲೆ ಹಿಂಸೆ ನಡೆಯಿತು, 2016ರ ಸೆಪ್ಟೆಂಬರಿನಲ್ಲಿ ಬಸ್ಸುಗಳು ಸುಟ್ಟವು. ಇವೆರಡರ ಮಧ್ಯೆ, 2003ರಲ್ಲಿ, ಎರಡೂ ರಾಜ್ಯದ ರೈತರು ಸೇರಿ ಕಾವೇರಿ ಕುಟುಂಬ ಅಂತ ಒಂದು ವೇದಿಕೆ ಮಾಡಿಕೊಂಡಿದ್ದರು. ನಮ್ಮ ಕಡೆಯಿಂದ ರೈತ ಸಂಘದ ಕೆ.ಎಸ್. ಪುಟ್ಟಣ್ಣಯ್ಯ, ಆ ಕಡೆಯಿಂದ ಮನ್ನಾರ್‌ಗುಡಿ ರಂಗನಾಥನ್ ಇದ್ದರು. ಬರೀ ಭಾಷಣ ಮಾಡದೆ ಒಬ್ಬರ ಹೊಲ ಇನ್ನೊಬ್ಬರು ಹೋಗಿ ನೋಡಿದರು. ನೀರು ಹಂಚಿಕೆಯ ಜಗಳ ಅವರಿಂದ ಮುಗಿಯಲಿಲ್ಲ, ಅದು ಕೋರ್ಟಿನಲ್ಲೇ ತೀರ್ಮಾನ ಆಗಬೇಕಾಯಿತು. ಆದರೂ ನೀರಿಗಾಗಿ ಒದ್ದಾಡುವ ರೈತರೇ ಎದುರುಬದುರು ಕೂತು ಮಾತಾಡಿದ್ದು ಸಣ್ಣ ವಿಷಯ ಅಂತ ನಾನು ಒಪ್ಪುವುದಿಲ್ಲ.

ನಿಮ್ಮಲ್ಲಿ ಇಂಥ ತಕರಾರು ಇದ್ದರೆ ಹೀಗೆ ಮಾಡಿ. ಮೊದಲ ಭೇಟಿಯಲ್ಲಿ ಯಾರು ಸರಿ ಅಂತ ಚರ್ಚೆ ಬೇಡ. ಜಾಗಕ್ಕೆ ಹೋಗಿ, ಕೆರೆಯೋ ದಾರಿಯೋ ಸ್ಮಶಾನವೋ, ಎರಡೂ ಕಡೆಯವರು ಒಟ್ಟಿಗೆ ನೋಡಲಿ. ಆಮೇಲೆ ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕಬಾರದು ಅನ್ನುವ ಒಂದೇ ನಿಯಮ ಇಟ್ಟುಕೊಳ್ಳಿ. ಒಪ್ಪಿದ ಮಾತು ಒಂದೇ ಇದ್ದರೂ ಬರೆದು ಇಬ್ಬರ ಸಹಿ ಹಾಕಿಸಿ.

ಹೆಂಗಸರನ್ನು ಕಾಫಿ ಕೊಡುವುದಕ್ಕೆ ನಿಲ್ಲಿಸಬೇಡಿ, ಮುಂದೆ ಕೂರಿಸಿ. ಆಫ್ರಿಕಾದ ಲೈಬೀರಿಯಾದಲ್ಲಿ ವರ್ಷಗಟ್ಟಲೆ ಅಂತರ್ಯುದ್ಧ ನಡೆದಿತ್ತು. 2003ರಲ್ಲಿ ಲೇಮಾ ಬೋವಿ ಮತ್ತು ಜೊತೆಗಾರರು ಕ್ರಿಶ್ಚಿಯನ್, ಮುಸ್ಲಿಂ ಹೆಂಗಸರನ್ನು ಒಟ್ಟುಗೂಡಿಸಿದರು. ಬಿಳಿ ಬಟ್ಟೆ ಹಾಕಿಕೊಂಡು ಮನ್ರೋವಿಯಾದ ಮೀನು ಮಾರುಕಟ್ಟೆ ಹತ್ತಿರದ ಬಯಲಿನಲ್ಲಿ ದಿನವೂ ಕೂತರು. ಬೇಡಿಕೆ ಒಂದೇ, ಶಾಂತಿ ಬೇಕು. ಘಾನಾದ ಅಕ್ರಾದಲ್ಲಿ ಮಾತುಕತೆ ಎಳೆದಾಡುತ್ತಿದ್ದಾಗ ಅಲ್ಲಿಗೂ ಹೋಗಿ, ಒಪ್ಪಂದ ಆಗುವ ತನಕ ಹೊರಗೆ ಬಿಡುವುದಿಲ್ಲ ಅಂತ ಸಭಾಂಗಣದ ಬಾಗಿಲಿಗೇ ಅಡ್ಡ ಕೂತುಬಿಟ್ಟರು. ಆ ಆಗಸ್ಟಿನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಬೋವಿ ಅವರಿಗೆ 2011ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಇಷ್ಟೆಲ್ಲ ಮಾಡಿದರೂ ಗಲಾಟೆ ಆಗಿಬಿಟ್ಟರೆ? ಗುಂಪಿನ ಮಧ್ಯೆ ನುಗ್ಗಿ ಸಾಹಸ ಮಾಡಬೇಡಿ. 112ಕ್ಕೆ ಫೋನ್ ಮಾಡಿ, ಬೀಟ್ ಪೊಲೀಸರ ನಂಬರ್ ಮೊದಲೇ ಇಟ್ಟುಕೊಂಡಿದ್ದರೆ ಅವರಿಗೂ ಹೇಳಿ. ಹುಡುಗರ ಮನೆಯವರಿಗೆ ಫೋನ್ ಮಾಡಿ, ಅಮ್ಮಂದಿರು ಕರೆದರೆ ಅರ್ಧ ಜನ ಮನೆಗೆ ಹೋಗುತ್ತಾರೆ. ಸ್ಕೂಲಿನಿಂದ ಮಕ್ಕಳನ್ನು ಕರೆತರಲು ಎರಡೂ ಸಮುದಾಯದವರು ಜೊತೆಯಾಗಿ ಹೋಗಿ. ವಿಡಿಯೊ ಮಾಡಿದ್ದರೆ ಪೊಲೀಸರಿಗೆ ಕೊಡಿ, ಸ್ಟೇಟಸ್ ಹಾಕಬೇಡಿ.

ಮಾರನೇ ದಿನ ಬೇಗ ಹೊರಡಿ. ನಷ್ಟ ಆದವರು ಯಾವ ಕಡೆಯವರೇ ಆಗಿರಲಿ, ಗುಂಪಿನವರೆಲ್ಲ ಒಟ್ಟಿಗೆ ಅವರ ಮನೆಗೆ ಹೋಗಿ. ಒಡೆದದ್ದು, ಸುಟ್ಟದ್ದರ ಫೋಟೊ ತೆಗೆಯಿರಿ, ಪಟ್ಟಿ ಮಾಡಿ. ಠಾಣೆಗೆ ಜೊತೆಯಲ್ಲಿ ಹೋಗಿ ದೂರು ಕೊಡಿಸಿ, ಎಫ್‌ಐಆರ್ ಪ್ರತಿ ತಪ್ಪದೆ ಕೇಳಿ ಪಡೆಯಿರಿ, ಪರಿಹಾರದ ಅರ್ಜಿ ಬರೆದುಕೊಡಿ. ತಹಶೀಲ್ದಾರ್ ಕಚೇರಿಗೆ ಅಲೆಯುವ ಕೆಲಸ ಇದ್ದರೆ ಸರದಿ ಹಾಕಿಕೊಂಡು, ಒಂದೊಂದು ಸಲ ಒಬ್ಬೊಬ್ಬರು ಅವರ ಜೊತೆ ಹೋಗಿ.