ಮಂಜಿನಲ್ಲಿ ಸಣ್ಣ ವಿಮಾನ ಇಳಿಸುವ ಮೊದಲು

ಇದು ಹೊಸದಾಗಿ ಲೈಸೆನ್ಸ್ ತಗೊಂಡು ಸೆಸ್ನಾ 172ನಂಥ ಸಣ್ಣ ವಿಮಾನ ಹಾರಿಸುವವರಿಗೆ. ದೊಡ್ಡ ವಿಮಾನಗಳ ಲೆಕ್ಕವೇ ಬೇರೆ. ಜನವರಿ ಬೆಳಗ್ಗೆ ಮಂಜು ಕವಿದಿದ್ದರೂ ಕೆಂಪೇಗೌಡ ನಿಲ್ದಾಣದ ದಕ್ಷಿಣ ರನ್‌ವೇಗೆ ಏರ್‌ಬಸ್ ಇಳಿಯಬಹುದು, ಯಾಕಂದ್ರೆ ಅಲ್ಲಿ ಕ್ಯಾಟ್-3 ಸೌಕರ್ಯ, ಅಂದರೆ ತುಂಬಾ ಕಡಿಮೆ ಕಾಣುವಾಗಲೂ ಉಪಕರಣಗಳ ನೆರವಿನಿಂದ ಇಳಿಯುವ ವ್ಯವಸ್ಥೆ ಇದೆ, ಪೈಲಟ್‌ಗಳಿಗೂ ಅದರ ತರಬೇತಿ ಆಗಿರುತ್ತದೆ. ಬೆಂಗಳೂರಿನ ಸಣ್ಣ ಏರ್‌ಫೀಲ್ಡ್ ಜಕ್ಕೂರಿನಲ್ಲಿ ಐಎಲ್‌ಎಸ್ಸೇ, ಅಂದರೆ ರೇಡಿಯೊ ಸಂಕೇತದಿಂದ ರನ್‌ವೇಗೆ ದಾರಿ ತೋರಿಸುವ ವ್ಯವಸ್ಥೆಯೇ ಇಲ್ಲ. ಅವರು ಇಳಿದರಲ್ಲ, ನಮಗ್ಯಾಕೆ ಆಗಲ್ಲ ಅಂತ ಯೋಚಿಸಲೇಬೇಡಿ.

ಮೊದಲ ಕೆಲಸ ನೆಲದ ಮೇಲೇ ಇದೆ. ಮೆಟಾರ್, ಅಂದರೆ ವಿಮಾನ ನಿಲ್ದಾಣದ ಹವಾಮಾನ ವರದಿ ನೋಡಿ. ಹೊರಗೆ ಕಣ್ಣಿಟ್ಟು ಹಾರುವುದಕ್ಕೆ, ಅಂದರೆ ವಿಎಫ್‌ಆರ್‌ಗೆ, 10,000 ಅಡಿಗಿಂತ ಕೆಳಗೆ ಕನಿಷ್ಠ 5 ಕಿ.ಮೀ. ವಿಸಿಬಿಲಿಟಿ ಬೇಕು. ಹೊಸಬರಿಗೆ ಅದು ಸಾಲದು ಅಂತಲೇ ನನ್ನ ಅಭಿಪ್ರಾಯ, 8 ಇಟ್ಟುಕೊಳ್ಳಿ. ಅದರಲ್ಲಿ ಎಫ್‌ಜಿ (ದಟ್ಟ ಮಂಜು) ಅಂತಿದ್ದರೆ 1,000 ಮೀಟರ್ ಕೂಡ ಕಾಣುತ್ತಿಲ್ಲ ಅಂತ ಅರ್ಥ, ಅಲ್ಲಿಗೆ ಮುಗಿಯಿತು, ಟೀ ಕುಡಿಯಿರಿ. ಬಿಆರ್ (ತೆಳು ಮಂಜು) ಅಂತಿದ್ದರೆ ಉಷ್ಣಾಂಶ ಮತ್ತು ಡ್ಯೂ ಪಾಯಿಂಟ್ (ಗಾಳಿಯ ತೇವ ಹನಿಗಟ್ಟುವ ಉಷ್ಣಾಂಶ) ಎರಡನ್ನೂ ನೋಡಿ. ಎರಡರ ನಡುವೆ ಒಂದೆರಡು ಡಿಗ್ರಿ ಮಾತ್ರ ವ್ಯತ್ಯಾಸ, ಆಕಾಶ ತಿಳಿ, ಗಾಳಿ ಇಲ್ಲ ಅಂದರೆ ಮಂಜು ಇನ್ನೂ ದಟ್ಟವಾಗಬಹುದು. ಸೂರ್ಯ ಹುಟ್ಟಿದ ಕೂಡಲೇ ಕರಗುತ್ತದೆ ಅಂತ ಲೆಕ್ಕ ಹಾಕಬೇಡಿ. ಎಷ್ಟೋ ಸಲ ಹುಟ್ಟಿದ ಮೇಲೆ ಸ್ವಲ್ಪ ಹೊತ್ತು ಜಾಸ್ತಿಯೇ ಆಗುತ್ತದೆ.

ಇಳಿಯುವಾಗ ನಿಜವಾದ ತೊಂದರೆ ಏನೂ ಕಾಣದೇ ಇರುವುದಲ್ಲ, ಅರ್ಧಂಬರ್ಧ ಕಾಣುವುದು. ತೆಳು ಮಂಜಿನ ಪದರವನ್ನು ಮೇಲಿಂದ ನೋಡಿದರೆ ರನ್‌ವೇ ಚೆನ್ನಾಗಿಯೇ ಕಾಣುತ್ತದೆ. ಆಹಾ, ಸಿಕ್ಕಿತು ಅಂತ ಫೈನಲ್‌ಗೆ, ಅಂದರೆ ರನ್‌ವೇಗೆ ನೇರವಾಗಿ ಇಳಿಯುವ ಕೊನೆಯ ಹಾದಿಗೆ ಬಂದರೆ ಈಗ ಅದೇ ಪದರವನ್ನು ಓರೆಯಾಗಿ ನೋಡುತ್ತಿದ್ದೀರಿ, ನಿಮ್ಮ ಮತ್ತು ರನ್‌ವೇ ನಡುವೆ ಎಷ್ಟೋ ಪಟ್ಟು ಜಾಸ್ತಿ ಮಂಜಿದೆ, ಕೊನೇ ಗಳಿಗೆಯಲ್ಲಿ ರನ್‌ವೇ ಮಾಯ. ಮಬ್ಬು ಇದ್ದರೆ ರನ್‌ವೇ ಇನ್ನೂ ದೂರ ಇದೆ, ನಾವು ಇನ್ನೂ ಎತ್ತರದಲ್ಲಿದ್ದೇವೆ ಅನ್ನಿಸುತ್ತದೆ. ಗಾಜಿನ ಮೇಲೆ ಮಳೆನೀರು ಹರಿಯುತ್ತಿದ್ದರೂ ಹಾಗೇ. ಮಂಜಿನೊಳಗೆ ನುಗ್ಗಿದ ಕೂಡಲೇ ಮೂಗು ಮೇಲೆದ್ದ ಹಾಗೆ ಭಾಸವಾಗಿ ಕೈ ತಾನಾಗಿ ಮುಂದೆ ಒತ್ತುತ್ತದೆ. ಗಮನಿಸಿದ್ರಾ? ಕಣ್ಣಿನ ಈ ಮೋಸಗಳೆಲ್ಲ ಒಂದೇ ಕಡೆಗೆ, ಕೆಳಗೇ ತಳ್ಳುತ್ತವೆ. ಸಣ್ಣ ವಿಮಾನ ರನ್‌ವೇಗಿಂತ ಮೊದಲೇ ಮರಕ್ಕೋ ತಂತಿಗೋ ಬಡಿಯುವುದಕ್ಕೆ ಇದೂ ಒಂದು ಕಾರಣ.

ಹಾಗಾಗಿ ಎತ್ತರವನ್ನು ಕಣ್ಣಿಗೆ ಬಿಡಬೇಡಿ, ಎತ್ತರ ತೋರಿಸುವ ಅಲ್ಟಿಮೀಟರ್‌ಗೆ ಬಿಡಿ. ಅದಕ್ಕೆ ಕ್ಯೂಎನ್‌ಎಚ್, ಅಂದರೆ ಸಮುದ್ರಮಟ್ಟದ ಲೆಕ್ಕದಲ್ಲಿ ಅಲ್ಲಿನ ಗಾಳಿಯ ಒತ್ತಡ, ಸರಿಯಾಗಿ ಹಾಕಿ. ಒಂದು ಹೆಕ್ಟೊಪಾಸ್ಕಲ್ ತಪ್ಪಿದರೆ ಸುಮಾರು 30 ಅಡಿ ತಪ್ಪಿದ ಹಾಗೆ. ಜಕ್ಕೂರು ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 3,000 ಅಡಿ ಮೇಲಿದೆ. ಅಂದರೆ 3,500 ತೋರಿಸುವಾಗ ನೀವು ನೆಲದಿಂದ ಬರೀ 500 ಅಡಿ ಮೇಲಿದ್ದೀರಿ. ನಿಮ್ಮ ಗೆರೆ ಅದೇ ಆಗಲಿ. ಅಲ್ಲಿಗೆ ಬರುವಷ್ಟರಲ್ಲಿ ರನ್‌ವೇ ಪೂರ್ತಿ ಕಾಣಬೇಕು, ವೇಗ ಸರಿ ಇರಬೇಕು, ಇಲ್ಲದಿದ್ದರೆ ಗೋ-ಅರೌಂಡ್, ಅಂದರೆ ಇಳಿಯದೆ ಮತ್ತೆ ಮೇಲೇರಿ. ಇನ್ನು 50 ಅಡಿ ನೋಡೋಣ ಅನ್ನುವ ಚೌಕಾಸಿ ಬೇಡ. ಇಳಿಯುವ ಕೋನ ಸರಿಯಿದೆಯೋ ಅಂತ ತೋರಿಸುವ, ರನ್‌ವೇ ಪಕ್ಕದ ಪಾಪಿ (PAPI) ಲೈಟ್ ಇರುವ ಕಡೆ ಎರಡು ಬಿಳಿ, ಎರಡು ಕೆಂಪು ಇರಲಿ. ನಾಲ್ಕೂ ಕೆಂಪಾದರೆ ತುಂಬಾ ಕೆಳಗೆ ಬಂದಿದ್ದೀರಿ.

ಅನುಭವ ಇದ್ದವರಿಗೆ ಇದೆಲ್ಲ ಆಗಲ್ಲ ಅಂದುಕೊಂಡಿದ್ದರೆ ಗ್ರಹಾಂ ಹಿಲ್ ನೆನಪಿಸಿಕೊಳ್ಳಿ. ಎರಡು ಸಲ ಫಾರ್ಮುಲಾ ಒನ್ ಚಾಂಪಿಯನ್. 1975ರ ನವೆಂಬರ್ 29ರ ರಾತ್ರಿ ತನ್ನ ಪೈಪರ್ ಆಜ್ಟೆಕ್ ವಿಮಾನದಲ್ಲಿ ಫ್ರಾನ್ಸಿನಿಂದ ಲಂಡನ್ ಹತ್ತಿರದ ಎಲ್‌ಸ್ಟ್ರೀಗೆ ತಂಡದವರನ್ನು ಕರೆದುಕೊಂಡು ಬರುತ್ತಿದ್ದರು. ಮಂಜು. ರನ್‌ವೇ ಮುಟ್ಟುವ ಮೊದಲೇ ಆರ್ಕ್‌ಲಿ ಗಾಲ್ಫ್ ಮೈದಾನದಲ್ಲಿ ವಿಮಾನ ಬಿತ್ತು, ಒಳಗಿದ್ದ ಆರೂ ಜನ ಸತ್ತರು. ಹಿಲ್ ಅವರ ಇನ್‌ಸ್ಟ್ರುಮೆಂಟ್ ರೇಟಿಂಗ್ (ಉಪಕರಣಗಳನ್ನಷ್ಟೇ ನೋಡಿ ಹಾರಿಸುವ ಅರ್ಹತೆ) ಅವಧಿ ಮುಗಿದಿತ್ತು ಅಂತ ಆಮೇಲೆ ಗೊತ್ತಾಯಿತು.

ದಾರಿಯಲ್ಲೇ ಮಂಜಿಗೋ ಮೋಡಕ್ಕೋ ಸಿಕ್ಕಿಬಿದ್ದರೆ? 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 20 ಕಲಿಕೆಯ ಪೈಲಟ್‌ಗಳನ್ನು ಹೊರಗೆ ಏನೂ ಕಾಣದ ಸ್ಥಿತಿಯಲ್ಲಿ ಹಾರಿಸಿ ನೋಡಿದರು. ಇಪ್ಪತ್ತೂ ಜನ ವಿಮಾನದ ಹಿಡಿತ ಕಳಕೊಂಡರು, ಸರಾಸರಿ 178 ಸೆಕೆಂಡಿನಲ್ಲಿ. ಮೂರು ನಿಮಿಷವೂ ಇಲ್ಲ. ಹಾಗಾಗಿ ಹೊರಗೆ ಹುಡುಕುತ್ತಾ ಕೂರಬೇಡಿ. ವಿಮಾನದ ವಾಲಿಕೆ ತೋರಿಸುವ ಆಟಿಟ್ಯೂಡ್ ಇಂಡಿಕೇಟರ್ ಮೇಲೆ ಕಣ್ಣಿಟ್ಟು ರೆಕ್ಕೆ ಸಮ ಮಾಡಿ, ಆಮೇಲೆ ಸೆಕೆಂಡಿಗೆ 3 ಡಿಗ್ರಿಯಂತೆ ನಿಧಾನ ತಿರುಗಿ. ಒಂದು ನಿಮಿಷದಲ್ಲಿ ಬಂದ ದಾರಿಗೇ ಮುಖ ಮಾಡಿರುತ್ತೀರಿ. ರೇಡಿಯೊದಲ್ಲಿ ಎಟಿಸಿಗೆ ಇದ್ದದ್ದು ಇದ್ದ ಹಾಗೆ ಹೇಳಿ, ನಾಚಿಕೆ ಬೇಡ.

ಗೋ-ಅರೌಂಡ್ ಅಂದರೆ ಪೂರ್ತಿ ಥ್ರಾಟಲ್, ಕಾರ್ಬ್ ಹೀಟ್ (ಕಾರ್ಬ್ಯುರೇಟರಿಗೆ ಬಿಸಿಗಾಳಿ ಕೊಡುವ ಸ್ವಿಚ್) ಇದ್ದರೆ ಆಫ್, ಮೂಗು ಎತ್ತಿ ಏರುವ ವೇಗ ಹಿಡಿಯಿರಿ, ರೆಕ್ಕೆಯ ಹಿಂಬದಿಯ ಫ್ಲಾಪ್ ಮೊದಲು 20 ಡಿಗ್ರಿಗೆ, ಮೇಲೇರುತ್ತಿರುವುದು ಖಾತ್ರಿಯಾದ ಮೇಲೆ ಉಳಿದದ್ದು ಒಂದೊಂದೇ ಹಂತ. ಒಮ್ಮೆಲೇ ಪೂರ್ತಿ ಎತ್ತಿದರೆ ವಿಮಾನ ಕುಸಿಯುತ್ತದೆ. ಮೇಲೆ ಹೋದ ಮೇಲೆ ಹವಾಮಾನ ಬದಲಾಗದೆ ಅದೇ ರನ್‌ವೇಗೆ ಮತ್ತೆ ಮತ್ತೆ ಬರಬೇಡಿ. ಮಂಜಿಲ್ಲದ ಇನ್ನೊಂದು ಏರ್‌ಫೀಲ್ಡಿಗೆ ಹೋಗಿ. ಅದಕ್ಕೆ ಬೇಕಾದ ಇಂಧನವನ್ನು ಹೊರಡುವಾಗಲೇ ತುಂಬಿಸಿಕೊಂಡಿರಬೇಕು, ಜೊತೆಗೆ ಮುಕ್ಕಾಲು ಗಂಟೆಯದ್ದು ಜಾಸ್ತಿ ಇರಲೇಬೇಕು ಅಂದುಕೊಳ್ಳಿ. ಹಿಂದೆ ಕೂತವರಿಗೆ ಮದುವೆ ಇದೆಯೋ ಮೀಟಿಂಗ್ ಇದೆಯೋ, ಕಾರು ತರಿಸಿಕೊಳ್ಳಲಿ.