ಗದ್ದೆ ಬದುವಿನ ಕೊಕ್ಕರೆಗೆ ಹೆಸರು ಬರೆಯುವುದು ಹೇಗೆ

ನಮ್ಮ ಅವ್ವನಿಗೆ ಗದ್ದೆಗೆ ಇಳಿಯುವ ಉದ್ದ ಕಾಲಿನ ಹಕ್ಕಿಗಳೆಲ್ಲ ಕೊಕ್ಕರೆಯೇ. ಹಕ್ಕಿ ನೋಡಲು ಶುರು ಮಾಡಿದಾಗ ನಾನೂ ನೋಟ್‌ಬುಕ್ಕಿನಲ್ಲಿ ‘ಕೊಕ್ಕರೆ, ನಾಲ್ಕು’ ಅಂತ ಬರೆದಿಟ್ಟಿದ್ದೆ. ಆರು ತಿಂಗಳ ಮೇಲೆ ತೆಗೆದು ನೋಡಿದರೆ ಅದು ಯಾವ ಹಕ್ಕಿ ಅಂತ ತಿಳಿಯಲೇ ಇಲ್ಲ.

ಗದ್ದೆಗಿಳಿಯುವ ಕೊಳದ ಬಕವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮೊದಲು ಹಕ್ಕಿಯನ್ನು ಸರಿಯಾಗಿ ನೋಡಿ. ಮಣ್ಣಿನ ಬಣ್ಣದ ಮೈ, ಕತ್ತಿನ ಮೇಲೆ ಕಂದು ಗೀರು, ಕತ್ತು ಒಳಗೆಳೆದುಕೊಂಡು ತೂಬಿನ ಹತ್ತಿರ ಸುಮ್ನೆ ನಿಂತಿದೆ ಅಲ್ವಾ? ಹಾರುವವರೆಗೆ ಕಾಯಿರಿ. ತೀರಾ ಹತ್ತಿರ ಹೋದಾಗ ಥಟ್ಟನೆ ಏಳುತ್ತದೆ. ರೆಕ್ಕೆ, ಬಾಲ ಎರಡೂ ಹಾಲಿನಂತೆ ಬೆಳ್ಳಗೆ! ಹೆಂಟೆಯೊಂದು ಬೆಳ್ಳಕ್ಕಿಯಾಗಿ ಎದ್ದ ಹಾಗೆ. ರಾತ್ರಿ ಬಕ ಎಂಬ ಇನ್ನೊಂದು ಬಕದ ಎಳೆಯ ಹಕ್ಕಿಗೂ ಕಂದು ಗೀರಿದೆ, ಆದರೆ ಅದರ ರೆಕ್ಕೆ ಬೆಳ್ಳಗಿಲ್ಲ. ಮರಿ ಮಾಡುವ ಕಾಲದಲ್ಲಿ ನಮ್ಮ ಹಕ್ಕಿಯ ಬೆನ್ನು ಬೀಟ್‌ರೂಟ್ ಬಣ್ಣಕ್ಕೆ ತಿರುಗುತ್ತದೆ. ಆಗಲೂ ಹಕ್ಕಿ ಅದೇ.

ಈಗ ಬರೆಯಿರಿ. ಮೊದಲ ಸಾಲು ಊರಿನವರು ಹಕ್ಕಿಯನ್ನು ಕರೆಯುವ ಹೆಸರಿಗೆ. ಯಾವ ಊರು, ಯಾರು ಹೇಳಿದರು ಎನ್ನುವುದೂ ಜೊತೆಗಿರಲಿ. ಇದನ್ನು ಬಿಡಲೇಬೇಡಿ, ಪುಸ್ತಕದಲ್ಲಿ ಸಿಗುವುದಿಲ್ಲ. ಹಿಂದಿಯಲ್ಲಿ ಇದು ‘ಅಂಧಾ ಬಗ್ಲಾ’, ತಮಿಳಿನಲ್ಲಿ ‘ಕುರುಟ್ಟು ಕೊಕ್ಕು’. ಎರಡೂ ಕಡೆ ಕುರುಡು ಅಂತಲೇ ಕರೆದಿದ್ದಾರೆ. ಜನ ಹತ್ತಿರ ಬಂದರೂ ಕದಲದ ಹಕ್ಕಿಗೆ ಕಣ್ಣು ಕಾಣದು ಅಂದುಕೊಂಡಿರಬೇಕು.

ಎರಡನೇ ಸಾಲು ಪುಸ್ತಕದ ಹೆಸರಿಗೆ: ಕೊಳದ ಬಕ. ಇಲ್ಲಿ ಕೊಕ್ಕರೆ ಬೇಡ. ಪುಸ್ತಕಗಳಲ್ಲಿ ಕೊಕ್ಕರೆ ಅಂದರೆ ‘ಬಣ್ಣದ ಕೊಕ್ಕರೆ’ಯಂಥ ಹಕ್ಕಿಗಳ ಬೇರೆಯೇ ಗುಂಪು. ಆ ಕೊಕ್ಕರೆ ಕತ್ತು ಚಾಚಿ ಹಾರುತ್ತದೆ, ಬಕ ಮಡಚಿಕೊಂಡು ಹಾರುತ್ತದೆ. ಇಂಗ್ಲಿಷಿನ ಇಂಡಿಯನ್ ಪಾಂಡ್ ಹೆರಾನ್, ಹಳೆಯ ಪ್ಯಾಡಿಬರ್ಡ್ ಪಕ್ಕದಲ್ಲಿರಲಿ.

ಕೊನೆಗೆ ವೈಜ್ಞಾನಿಕ ಹೆಸರು: ಆರ್ಡಿಯೋಲ ಗ್ರೇಯೈ. ಲ್ಯಾಟಿನ್‌ನಲ್ಲಿ ಆರ್ಡಿಯ ಅಂದರೆ ಬಕ, ಆರ್ಡಿಯೋಲ ಅಂದರೆ ಪುಟ್ಟ ಬಕ. ಗ್ರೇಯೈ ಬಂದದ್ದು ಬ್ರಿಟಿಷ್ ಮ್ಯೂಸಿಯಂನ ಜಾನ್ ಎಡ್ವರ್ಡ್ ಗ್ರೇ ಹೆಸರಿನಿಂದ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಮೊದಲ ಪದಕ್ಕೆ ಮಾತ್ರ ದೊಡ್ಡಕ್ಷರ, ಗ್ರೇಯೈ ಕೊನೆಗೆ ಎರಡು ‘ಐ’. ಮುಂದೆ (ಸೈಕ್ಸ್, 1832) ಅಂತ ಇರುತ್ತದೆ, ಅಂದರೆ ಈ ಹಕ್ಕಿಗೆ ಮೊದಲು ವೈಜ್ಞಾನಿಕ ಹೆಸರಿಟ್ಟವರು ಮತ್ತು ಆ ವರ್ಷ. ಆ ಕಂಸ ಸುಮ್ಮನೆ ಹಾಕಿದ್ದಲ್ಲ. ಸೈಕ್ಸ್ ಇದನ್ನು ಆರ್ಡಿಯ ಕುಲದಲ್ಲಿಟ್ಟಿದ್ದರು (ಕುಲ ಅಂದರೆ ಹತ್ತಿರದ ಜಾತಿಗಳ ಗುಂಪು, ಹೆಸರಿನ ಮೊದಲ ಪದ), ಆಮೇಲೆ ಕುಲ ಬದಲಾಯಿತು ಎಂಬುದರ ಗುರುತು ಅದು.

ಅವ್ವನ ‘ಕೊಕ್ಕರೆ’ ಈಗಲೂ ನನ್ನ ನೋಟ್‌ಬುಕ್ಕಿನ ಮೊದಲ ಸಾಲಿನಲ್ಲೇ ಇದೆ.