ಲಿನಕ್ಸ್ ಫೋನನ್ನು ನಾನು ಪಳಗಿಸಿಕೊಂಡ ಬಗೆ

ಆಂಡ್ರಾಯ್ಡ್ ಬದಲು ಕಂಪ್ಯೂಟರಿನಂಥದೇ ಲಿನಕ್ಸ್ ವ್ಯವಸ್ಥೆ ಓಡಿಸುವ ಫೋನ್ ಕೈಗೆ ಬಂದ ಕೂಡಲೇ ಅದರ ಪುಟ್ಟ ಪರದೆಯ ಮೇಲೆ ಟರ್ಮಿನಲ್ ತೆರೆದು ಆಜ್ಞೆಗಳನ್ನು ಕುಟ್ಟಲು ಹೊರಡುವುದು ಬೆರಳಿಗೂ ತಾಳ್ಮೆಗೂ ಶಿಕ್ಷೆ. ಪೈನ್‌ಫೋನ್ ಎಂಬ ನನ್ನ ಲಿನಕ್ಸ್ ಫೋನನ್ನು ನಾನು ಬಹುಪಾಲು ಕಂಪ್ಯೂಟರಿನ ಕೀಲಿಮಣೆಯಿಂದಲೇ ಪಳಗಿಸಿದ್ದೇನೆ. ಅದನ್ನು ಸಿಮ್ ಹಾಕಬಹುದಾದ ಸಣ್ಣ ಸರ್ವರ್ ಎಂದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಈ ಫೋನಿನ ಆಲ್‌ವಿನ್ನರ್ ಎ64 ಚಿಪ್ ಮೊದಲು ಮೈಕ್ರೊಎಸ್‌ಡಿ ಕಾರ್ಡಿನತ್ತ ನೋಡುತ್ತದೆ. ಅಲ್ಲಿ ಬೂಟ್ ಆಗಬಲ್ಲ ವ್ಯವಸ್ಥೆ ಇದ್ದರೆ ಅದೇ ಏಳುತ್ತದೆ, ಕಾರ್ಡ್ ಕಿತ್ತರೆ ಒಳಗಿನ ಮೆಮೊರಿಯಲ್ಲಿರುವುದು ಏಳುತ್ತದೆ. ಪ್ರಯೋಗಕ್ಕೆ ಇದಕ್ಕಿಂತ ದೊಡ್ಡ ಧೈರ್ಯ ಬೇಡ. ನಾನು ಆರಿಸಿಕೊಂಡದ್ದು ಪೋಸ್ಟ್‌ಮಾರ್ಕೆಟ್‌ಓಎಸ್ ಎಂಬ ಫೋನ್ ಲಿನಕ್ಸ್. ಹಳೆಯ ಫೋನುಗಳ ಆಯುಷ್ಯ ಹೆಚ್ಚಿಸಬೇಕೆಂದು 2017ರಲ್ಲಿ ಶುರುವಾದ ಇದರ ಬುಡದಲ್ಲಿರುವುದು ಆಲ್ಪೈನ್ ಎಂಬ ಹಗುರ ಲಿನಕ್ಸ್. ಫಾಶ್ ಎಂಬ ಮುಖಪರದೆಯಿರುವ ಇಮೇಜ್ ಕಡತವನ್ನು (ಇಡೀ ವ್ಯವಸ್ಥೆಯ ಒಂದೇ ಕಡತದ ಪ್ರತಿ) ಇಳಿಸಿಕೊಂಡು ಡಿಡಿ ಆಜ್ಞೆಯಿಂದ ಕಾರ್ಡಿಗೆ ಬರೆದೆ. ಡಿಡಿ ಓಡಿಸುವ ಮುನ್ನ ಎಲ್‌ಎಸ್‌ಬಿಎಲ್‌ಕೆ ಆಜ್ಞೆಯಲ್ಲಿ ಡಿಸ್ಕಿನ ಹೆಸರು ನೋಡಿಕೊಳ್ಳುವುದು ಕಡ್ಡಾಯ. ಹೆಸರು ತಪ್ಪಿದರೆ ಆ ಆಜ್ಞೆ ಯಾರನ್ನೂ ಕೇಳದೆ ಕಂಪ್ಯೂಟರಿನ ಡಿಸ್ಕನ್ನೇ ಅಳಿಸಿಹಾಕುತ್ತದೆ.

ಫೋನ್ ಎದ್ದ ಮೇಲೆ ಅದರ ಪರದೆಯಲ್ಲಿ ಮಾಡಿದ ಕೆಲಸ ಎರಡೇ: ಎಲ್ಲರಿಗೂ ಗೊತ್ತಿರುವ 147147 ಎಂಬ ಗುಪ್ತಪದವನ್ನು ಬದಲಿಸಿದ್ದು, ಕಂಪ್ಯೂಟರಿನಿಂದಲೇ ಫೋನಿಗೆ ಆಜ್ಞೆ ಕೊಡಲು ಬಿಡುವ ಎಸ್‌ಎಸ್‌ಎಚ್ ಸೇವೆಯನ್ನು ಚಾಲೂ ಮಾಡಿದ್ದು. ಆಮೇಲೆ ಯುಎಸ್‌ಬಿ ಕೇಬಲ್ ಸಿಕ್ಕಿಸಿದರೆ ಫೋನ್ 172.16.42.1 ವಿಳಾಸದಲ್ಲಿ ಸಿಗುತ್ತದೆ, ವೈಫೈ ಇರಲಿ ಬಿಡಲಿ. ಒಂದು ಎಚ್ಚರಿಕೆ. ಪರದೆಯನ್ನು ಯಾರೂ ಮುಟ್ಟದಿದ್ದರೆ ಫೋನ್ ನಿದ್ದೆಗೆ ಜಾರುತ್ತದೆ, ಅದರೊಂದಿಗೆ ಎಸ್‌ಎಸ್‌ಎಚ್ ಸಂಪರ್ಕವೂ ನಿಂತುಹೋಗುತ್ತದೆ. ಪೂರ್ತಿ ವ್ಯವಸ್ಥೆಯನ್ನು ಅಪ್‌ಡೇಟ್ ಮಾಡುವಾಗ ಇದು ತಮಾಷೆಯಲ್ಲ. ಹಾಗಾಗಿ ಕೆಲಸ ಮುಗಿಯುವವರೆಗೆ ಪವರ್ ಸೆಟ್ಟಿಂಗ್‌ನಲ್ಲಿ ತಾನಾಗಿ ನಿದ್ರಿಸುವುದನ್ನು ನಿಲ್ಲಿಸಿರುತ್ತೇನೆ.

ತಂತ್ರಾಂಶ ಹಾಕಲು ಆಲ್ಪೈನ್‌ನ ಎಪಿಕೆ ಆಜ್ಞೆ ಸಾಕು. ಹೆಸರು ಒಂದೇ ಆದರೂ ಆಂಡ್ರಾಯ್ಡ್‌ನ ಎಪಿಕೆ ಕಡತಗಳಿಗೂ ಇದಕ್ಕೂ ನಂಟಿಲ್ಲ. ಕಗ್ಗಂಟು ಬರುವುದು ಬೇರೆ ಕಡೆ. ಬಹುತೇಕ ತಂತ್ರಾಂಶಗಳು ಆತುಕೊಳ್ಳುವ ಮೂಲ ಕೋಡ್ ಸಂಗ್ರಹಕ್ಕೆ ಸಿ ಲೈಬ್ರರಿ ಎನ್ನುತ್ತಾರೆ, ಆಲ್ಪೈನ್ ಬಳಸುವುದು ಮಸ್ಲ್ ಎಂಬುದನ್ನು. ಡೆಬಿಯನ್, ಉಬುಂಟು ಎಂಬ ಬೇರೆ ಲಿನಕ್ಸ್‌ಗಳಿಗಾಗಿ ಗ್ಲಿಬ್‌ಸಿ ಎಂಬ ಇನ್ನೊಂದು ಸಿ ಲೈಬ್ರರಿಯನ್ನು ನಂಬಿ ಕಟ್ಟಿದ ಸಿದ್ಧ ಕಡತವನ್ನು ತಂದು ಓಡಿಸಹೊರಟರೆ 'ಕಡತ ಸಿಗಲಿಲ್ಲ' ಎನ್ನುತ್ತದೆ. ಕಡತವೇನೋ ಕಣ್ಣೆದುರೇ ಇರುತ್ತದೆ. ಸಿಗದಿರುವುದು ಅದನ್ನು ಲೈಬ್ರರಿಗಳ ಜೊತೆ ಮೆಮೊರಿಗೆ ತರುವ, ಅದು ಕೇಳುವ ಲೋಡರ್. ಅಂಥ ಕಡೆ ನಾನು ಫ್ಲಾಟ್‌ಪ್ಯಾಕ್ ಎಂಬ ಬೇರೆ ಬಗೆಯ ತಂತ್ರಾಂಶ ಪೊಟ್ಟಣ ಹಿಡಿಯುತ್ತೇನೆ, ಅದು ತನಗೆ ಬೇಕಾದ ಲೈಬ್ರರಿಗಳನ್ನು ತಾನೇ ಹೊತ್ತು ತರುತ್ತದೆ. ಜಾಗವನ್ನು ಮಾತ್ರ ಧಾರಾಳವಾಗಿ ನುಂಗುತ್ತದೆ. ವೇಡ್ರಾಯ್ಡ್ ಎಂಬ ತಂತ್ರಾಂಶದ ಮೂಲಕ ಆಂಡ್ರಾಯ್ಡ್ ಆ್ಯಪ್‌ಗಳನ್ನೂ ಓಡಿಸಬಹುದು, ಆದರೆ 2 ಜಿಬಿ ರ‍್ಯಾಮ್‌ನಲ್ಲಿ ನಾನದನ್ನು ಯಾರಿಗೂ ಹೇಳುವುದಿಲ್ಲ.

ಹಾಕಿದ್ದೆಲ್ಲ ಪರದೆಯಲ್ಲಿ ಹಿಡಿಸುತ್ತದೆ ಎಂದೇನಿಲ್ಲ. ಕಂಪ್ಯೂಟರಿಗೆಂದೇ ಮಾಡಿದ ಕಿಟಕಿಗಳ 'ಸರಿ' ಗುಂಡಿ ಪರದೆಯ ಆಚೆ ಎಲ್ಲೋ ಉಳಿದಿರುತ್ತದೆ. ಫಾಶ್‌ನ ಮೊಬೈಲ್ ಸೆಟ್ಟಿಂಗ್ಸ್‌ನಲ್ಲಿ ಒಂದೊಂದು ಆ್ಯಪನ್ನೂ ಪರದೆಗೆ ತಕ್ಕಂತೆ ಕುಗ್ಗಿಸುವ ಆಯ್ಕೆಯಿದೆ. ಅಕ್ಷರ ಇರುವೆಯಷ್ಟಾದರೂ ಗುಂಡಿ ಕೈಗೆ ಸಿಗುತ್ತದೆ.

ನನಗೆ ಹೆಚ್ಚು ಖುಷಿ ಕೊಟ್ಟದ್ದು ಕನ್ನಡದ ಕೆಲಸ. ಫಾಂಟ್ ಇಲ್ಲದೆ ಅಕ್ಷರಗಳ ಜಾಗದಲ್ಲಿ ಬರೀ ಚೌಕಗಳಿದ್ದವು. ನೋಟೊ ಕನ್ನಡ ಫಾಂಟಿನ ಪ್ಯಾಕೇಜ್ ಹಾಕಿದ್ದೇ ಒತ್ತಕ್ಷರಗಳೂ ಸರಿಯಾಗಿ ಕೂತವು. ಕೀಲಿಮಣೆಗೆ ಸ್ವಲ್ಪ ಕೈಕೆಲಸ ಬೇಕಾಯಿತು. ಪರದೆಯ ಮೇಲಿನ ಕೀಲಿಮಣೆಯಾದ ಸ್ಕ್ವೀಕ್‌ಬೋರ್ಡ್‌ನ ವಿನ್ಯಾಸಗಳೆಲ್ಲ ಯಾಮಲ್ ರೂಪದ ಸರಳ ಪಠ್ಯ ಕಡತಗಳು. ಒಂದು ಸಾಲಿನ ಕೀಲಿಗಳನ್ನು ನಡುವೆ ಜಾಗ ಬಿಟ್ಟು ಬರೆದರೆ ಪರದೆಯಲ್ಲೂ ಅದೇ ಸಾಲು ಮೂಡುತ್ತದೆ. ಸ್ವರಚಿಹ್ನೆ, ಹಲಂತ ಮತ್ತು ಹೆಚ್ಚು ಬಳಕೆಯ ವ್ಯಂಜನಗಳನ್ನು ಮೊದಲ ಪುಟದಲ್ಲಿಟ್ಟು, ಮಹಾಪ್ರಾಣಗಳನ್ನು ಶಿಫ್ಟ್ ಪುಟಕ್ಕೆ ತಳ್ಳಿದೆ. ಹೆಬ್ಬೆರಳಿಗೆ ಎಟುಕದ ಮೂಲೆಯಲ್ಲಿ ಮೊದಲು ಹಲಂತ ಕೂತಿತ್ತು, ಅದನ್ನು ಸ್ಪೇಸ್ ಕೀಲಿಯ ಪಕ್ಕಕ್ಕೆ ತಂದ ಮೇಲೆ ಟೈಪಿಂಗ್ ಸಲೀಸಾಯಿತು. ತನ್ನ ಕೀಲಿಮಣೆಯನ್ನು ಹೀಗೆ ಬಿಚ್ಚಿ ಜೋಡಿಸಲು ಬಿಡುವ ಫೋನ್‌ಗಳು ಎಷ್ಟಿವೆ?

ಕರೆ, ಸಂದೇಶಗಳಿಗೆ ಹೆಚ್ಚು ತಡಕಾಡಬೇಕಿಲ್ಲ. ಹಿಂಬದಿಯ ಮುಚ್ಚಳ ತೆಗೆದರೆ ಕಾಣುವ ಸಣ್ಣ ಸ್ವಿಚ್‌ಗಳಲ್ಲಿ ಮೊದಲನೆಯದು ಮೊಬೈಲ್ ಜಾಲಕ್ಕೆ ಸೇರಿಸುವ ಮೋಡೆಮ್‌ನದು. ಅದು ಆನ್ ಇರಬೇಕು, ಎಪಿಎನ್ (ಮೊಬೈಲ್ ಕಂಪನಿಯ ಡೇಟಾ ಸಂಪರ್ಕದ ಹೆಸರು) ಸರಿಯಿರಬೇಕು. ಮೋಡೆಮ್ ಒಳಗೂ ತನ್ನದೇ ಪ್ರೊಸೆಸರ್ ಮೇಲೆ ಇನ್ನೊಂದು ಲಿನಕ್ಸ್ ಓಡುತ್ತಿರುತ್ತದೆ, ಕೆದಕುವ ಚಟವಿದ್ದವರಿಗೆ ಅದೇ ಬೇರೆ ಲೋಕ.

ಎಲ್ಲ ಒಗ್ಗಿದ ಮೇಲೆ ವ್ಯವಸ್ಥೆಯನ್ನು ಒಳಗಿನ ಮೆಮೊರಿಗೆ ದಾಟಿಸಲು ಜಂಪ್‌ಡ್ರೈವ್ ಎಂಬ ಪುಟ್ಟ ಇಮೇಜ್ ಬಳಸಿದೆ. ಅದನ್ನು ಬೇರೊಂದು ಕಾರ್ಡಿಗೆ ಬರೆದು ಬೂಟ್ ಮಾಡಿದರೆ ಫೋನ್ ಪೆನ್‌ಡ್ರೈವ್ ಹಾಗೆ ಕಂಪ್ಯೂಟರಿಗೆ ಕಾಣಿಸುತ್ತದೆ. ಒಳಗಿನ ಮೆಮೊರಿಯ ಜೊತೆಗೆ ಕಾರ್ಡೂ ಪಟ್ಟಿಯಲ್ಲಿ ಬರುವುದರಿಂದ ಒಳಗಿನ ಮೆಮೊರಿಗಿಂತ ಬೇರೆ ಜಿಬಿಯ ಕಾರ್ಡ್ ಹಾಕುವುದು ಒಳ್ಳೆಯದು, ಯಾವುದು ಯಾವುದೆಂದು ನೋಡಿದೊಡನೆ ತಿಳಿಯುತ್ತದೆ. ಬಿಡುವಾದ ಮೊದಲ ಕಾರ್ಡಿನಲ್ಲಿ ಈಗ ಡೆಬಿಯನ್ ಮೂಲದ ಮೊಬಿಯನ್ ಇದೆ. ಗ್ಲಿಬ್‌ಸಿ ಕೇಳುವ ತಂತ್ರಾಂಶಗಳನ್ನು ಫ್ಲಾಟ್‌ಪ್ಯಾಕ್ ಇಲ್ಲದೆ ಅದರಲ್ಲಿ ಓಡಿಸಿ ನೋಡುತ್ತಿದ್ದೇನೆ.